ನಮ್ಮ ಚಾಪೆಲ್‌ನ ಚಳಿಗಾಲದ ಸುದ್ದಿ: ಕ್ರಿಸ್ತಜಯಂತಿಯ ರಾತ್ರಿ ಪೂಜೆ ಏಳೂವರೆಗೋ, ಹನ್ನೆರಡಕ್ಕೋ?

ಚಾಪೆಲ್ ಕಾರ್ಯದರ್ಶಿ · 2 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ಊರಲ್ಲಿರುವವರಿಗೆ ಗೊತ್ತಿರುವ ಸುದ್ದಿಯೇ. ಹೊರಗಿರುವವರು ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳುತ್ತಿರುವುದರಿಂದ ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ.

ನವೆಂಬರ್ 30ಕ್ಕೆ ಆಗಮನ ಕಾಲ, ಅಂದರೆ ಕ್ರಿಸ್ತಜಯಂತಿಗೆ ಸಿದ್ಧವಾಗುವ ವಾರಗಳು, ಆರಂಭವಾಯಿತು. ಅಂದು ಗುರುಗಳು ಇರಲಿಲ್ಲ, ಪೂಜೆಯ ಬದಲು ಸಿಸ್ಟರ್ ಬೈಬಲ್ ವಾಚನ, ಪ್ರಾರ್ಥನೆಗಳ ವಾಕ್ಯವಿಧಿ ನಡೆಸಿದರು. ಆಕಾಶದಲ್ಲಿ ಮೋಡ. ಅರೇಬಿಕಾ ಕಾಫಿ ಕೊಯ್ಲಿನ ಹೊತ್ತಿಗೆ ಸಕಲೇಶಪುರದ ಕಡೆ ಮೋಡ ಕವಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಅರ್ಧ ಊರು ಕಣದಲ್ಲಿ ಕಾಫಿಗೆ ಟಾರ್ಪಾಲು ಹೊದಿಸುತ್ತಿತ್ತು. ಉಳಿದರ್ಧ ಚಾಪೆಲ್‌ನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿತ್ತು. ಆಗಮನ ಕಾಲದ ಮಾಲೆಯನ್ನು ಈ ಸಲವೂ ಸಿಲ್ವರ್ ಓಕ್ ಸೊಪ್ಪಿನಲ್ಲಿಯೇ ಕಟ್ಟಿದ್ದೇವೆ. ನೇರಳೆ ಬಣ್ಣದ ಮೇಣದಬತ್ತಿ ಮೂರು ಸಿಕ್ಕವು, ಮೂರನೇ ಭಾನುವಾರ ಹಚ್ಚುವ ಗುಲಾಬಿ ಬಣ್ಣದ್ದು ಪೇಟೆಯಲ್ಲಿ ಎಲ್ಲೂ ಸಿಗಲಿಲ್ಲ. ಬಿಳಿ ಬತ್ತಿಗೆ ಗುಲಾಬಿ ರಿಬ್ಬನ್ ಸುತ್ತಿ ನಿಲ್ಲಿಸಿದ್ದೇವೆ. ಹಾಸನದ ಕಡೆಯಿಂದ ಬರುವವರು ಯಾರಾದರೂ 14ರ ಒಳಗೆ ಒಂದು ತಂದರೆ ಉಪಕಾರ.

ಈ ತಿಂಗಳು ಪೂಜೆ ಇರುವುದು 7 ಮತ್ತು 21ರ ಭಾನುವಾರ, ಬೆಳಿಗ್ಗೆ 9.30ಕ್ಕೆ. 28ಕ್ಕೆ ನಮ್ಮ ಧರ್ಮಕ್ಷೇತ್ರದಲ್ಲಿ (ಬಿಷಪರ ಆಡಳಿತದ ಪ್ರದೇಶ) ಕಥೋಲಿಕ ಸಭೆಯ 2025ರ ಜುಬಿಲಿ ವರ್ಷದ ಮುಕ್ತಾಯ. ಚಿಕ್ಕಮಗಳೂರಿನ ಸಂತ ಜೋಸೆಫರ ಪ್ರಧಾನಾಲಯಕ್ಕೆ ಹೋಗುವವರು ಹೆಸರು ಕೊಡಿ, ವ್ಯಾನ್ ಗೊತ್ತು ಮಾಡಬೇಕು.

ಈಗ ಜಗಳದ ವಿಷಯ. ಕ್ರಿಸ್ತಜಯಂತಿಯ ರಾತ್ರಿಗೆ ಒಬ್ಬ ಗುರುಗಳು ನಮ್ಮಲ್ಲಿಗೆ ಬರಲು ಒಪ್ಪಿದ್ದಾರೆ. ಸಮಯವನ್ನು ನೀವೇ ತೀರ್ಮಾನಿಸಿ ಎಂದಿದ್ದಾರೆ. ಏಳೂವರೆಗೆ ಇಟ್ಟುಕೊಳ್ಳೋಣ ಎಂದು ಸಮಿತಿಯಲ್ಲಿ ಮಾತು ಬಂತು, ಅಲ್ಲಿಯೇ ಎರಡು ಪಂಗಡವಾಯಿತು. ನಿಮ್ಮ ಅಭಿಪ್ರಾಯ ಬರೆಯಿರಿ. ದಯವಿಟ್ಟು ಮರ್ಯಾದೆ ಮೀರಬೇಡಿ, ಹಬ್ಬದಲ್ಲಿ ಮುಖ ನೋಡಬೇಕಾದವರು ನಾವು.

ಬೆಂಗಳೂರಿನ ಮಗ · 2 ಡಿಸೆಂಬರ್

ಏಳೂವರೆಗೆ ಪೂಜೆಯಂತೆ! ಅಕ್ಕ, ಏಳೂವರೆಗೆ ನಡೆಯುವುದು ಮದುವೆಯ ಆರತಕ್ಷತೆ. ನಮ್ಮ ಅಜ್ಜನ ಕಾಲದಲ್ಲಿ ತೆಂಗಿನ ಗರಿಯ ಸೂಡಿ ಹಚ್ಚಿಕೊಂಡು ಹಳ್ಳ ದಾಟಿ ಬರುತ್ತಿದ್ದರು. ಹನ್ನೆರಡಕ್ಕೆ ಗಂಟೆ ಬಾರಿಸಿ, ಗೋದಲಿಯಲ್ಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಬಾಲಯೇಸುವನ್ನು ಮಲಗಿಸಿ, ಪೂಜೆ ಮುಗಿದ ಮೇಲೆ ಚಳಿಯಲ್ಲಿ ಬೆಲ್ಲದ ಕಾಫಿ ಕುಡಿದರೆ ಅದು ಹಬ್ಬ. ನಾವು ಇನ್ನೂರೈವತ್ತು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬರುವುದು ಆ ರಾತ್ರಿಗಾಗಿಯೇ. 24ರಂದು ಕಚೇರಿಯಿಂದ ಹೊರಟರೆ ಏಳೂವರೆಗೆ ನೆಲಮಂಗಲವನ್ನೂ ದಾಟಿರುವುದಿಲ್ಲ.

ಜೀಪಿನವನು · 3 ಡಿಸೆಂಬರ್

ಅಣ್ಣ, ಸೂಡಿ ಹಿಡಿದು ನಡೆದ ನಿಮ್ಮ ಅಜ್ಜನಿಗೆ ಹಳ್ಳದ ಬಳಿ ಆನೆ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ. ಗದ್ದೆಯಲ್ಲಿ ಭತ್ತ ಹಣ್ಣಾಗುವ ಈ ತಿಂಗಳಲ್ಲಂತೂ ಕತ್ತಲಾದ ಮೇಲೆ ಸೇತುವೆಯಿಂದ ಚಾಪೆಲ್‌ವರೆಗಿನ ದಾರಿ ನಮ್ಮದಲ್ಲ. ಹಗಲು ತೋಟದ ನೆರಳಿನಲ್ಲಿ ನಿಂತಿರುತ್ತವೆ, ಕೆರೆಯ ನೀರಿದೆ. ರಾತ್ರಿ ಗದ್ದೆಗೆ ಇಳಿಯುತ್ತವೆ. ಅರಣ್ಯ ಇಲಾಖೆಯವರು ಕಳುಹಿಸುವ ಸಂದೇಶದಲ್ಲಿ ಕಳೆದ ವಾರ ನಮ್ಮ ಬದಿಯ ತೋಟದ ಹೆಸರು ಮೂರು ರಾತ್ರಿ ಇತ್ತು. ಕಾರಿನಲ್ಲಿ ಬರುವ ನೀವು ಗಾಜು ಏರಿಸಿಕೊಂಡು ಹೋಗಿಬಿಡುತ್ತೀರಿ. ತೋಟದ ಕೂಲಿಯವರ ಲೈನ್ ಮನೆಯಿಂದ ಮಕ್ಕಳನ್ನು ಎತ್ತಿಕೊಂಡು ನಡೆದು ಬರುವವರನ್ನು ಹನ್ನೆರಡೂವರೆಗೆ ವಾಪಸ್ ಬಿಡಬೇಕಾದವನು ನಾನು. ಏಳೂವರೆಗಾದರೆ ಎರಡು ಸುತ್ತು ಹೊಡೆದು ಒಂಬತ್ತೂವರೆಯೊಳಗೆ ಎಲ್ಲರನ್ನೂ ಮನೆ ಸೇರಿಸುತ್ತೇನೆ. ಹನ್ನೆರಡಕ್ಕೆ ಇಟ್ಟರೆ ನನ್ನ ಜೀಪು ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಿವೃತ್ತ ಮೇಷ್ಟ್ರು · 3 ಡಿಸೆಂಬರ್

ಆನೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಪೂಜಾವಿಧಿಯ ಒಂದು ತೊಡಕು ಇದೆ. ಕ್ರಿಸ್ತಜಯಂತಿಗೆ ನಾಲ್ಕು ಬಗೆಯ ಪೂಜೆಗಳಿವೆ: ಜಾಗರಣೆಯದು, ರಾತ್ರಿಯದು, ಮುಂಜಾವಿನದು, ಹಗಲಿನದು. ನಾಲ್ಕಕ್ಕೂ ಶುಭಸಂದೇಶದ ವಾಚನ ಬೇರೆ ಬೇರೆ. 24ರ ಸಂಜೆಯ ಜಾಗರಣೆಗೆ ಗೊತ್ತಾಗಿರುವುದು ಮತ್ತಾಯನ ಮೊದಲ ಅಧ್ಯಾಯ, ಅಬ್ರಹಾಮನಿಂದ ಹಿಡಿದು ಯೇಸುವಿನವರೆಗಿನ ವಂಶಾವಳಿ. ಕುರುಬರು, ದೇವದೂತರು, ಗೋದಲಿ ಇವೆಲ್ಲ ಬರುವುದು ರಾತ್ರಿ ಪೂಜೆಯ ಲೂಕ 2:1-14ರಲ್ಲಿ. ಏಳೂವರೆಗೆ ಯಾವುದನ್ನು ಓದುತ್ತೀರಿ? ಅಮ್ಮಿನಾದಾಬ, ನಹಸ್ಸೋನ, ಸಲ್ಮೋನ ಎಂದು ಓದುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ. ಹಾಗೆಂದು ಆ ವಂಶಾವಳಿಯನ್ನು ಹಗುರವಾಗಿ ಕಾಣಬೇಡಿ. ತಾಮಾರ, ರಹಾಬ, ರೂತ್ ಎಂಬ ಪರಸ್ಥಳದ ಹೆಂಗಸರು ಯೇಸುವಿನ ಅಜ್ಜಿಯಂದಿರ ಸಾಲಿನಲ್ಲಿ ಕುಳಿತಿರುವುದು ಅಲ್ಲಿಯೇ.

ಕುವೈತ್‌ನಿಂದ · 3 ಡಿಸೆಂಬರ್

ಮೇಷ್ಟ್ರೇ, ಪೂಜಾಗ್ರಂಥದಲ್ಲಿ ‘ರಾತ್ರಿ’ ಎಂದಿದೆಯೇ ಹೊರತು ಹನ್ನೆರಡು ಎಂದಿಲ್ಲ. ರೋಮಿನಲ್ಲೇ 2009ರಲ್ಲಿ ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳು (ಪೋಪ್) ಅದನ್ನು ರಾತ್ರಿ ಹತ್ತಕ್ಕೆ ತಂದರು. ಫ್ರಾನ್ಸಿಸ್ ಜಗದ್ಗುರುಗಳು 2020ರಲ್ಲಿ, ಕೊರೊನಾ ಕರ್ಫ್ಯೂ ಇದ್ದಾಗ, ಏಳೂವರೆಗೆ ಮಾಡಿದರು. 2024ರಲ್ಲಿ ಜುಬಿಲಿಯ ಪವಿತ್ರ ದ್ವಾರ ತೆರೆದು ಏಳಕ್ಕೇ ಮಾಡಿದರು. ಸಂತ ಪೇತ್ರರ ಮಹಾದೇವಾಲಯದಲ್ಲಿ ಏಳಕ್ಕೆ ‘ರಾತ್ರಿ’ ಆಗುವುದಾದರೆ ನಮ್ಮ ಹಳ್ಳದ ದಂಡೆಯಲ್ಲಿ ಆಗುವುದಿಲ್ಲವೇ? ಡಿಸೆಂಬರ್‌ನಲ್ಲಿ ಊರಲ್ಲಿ ಆರೂವರೆಗೇ ಕತ್ತಲು.

ಇಲ್ಲಿ ವಾರದ ರಜೆ ಶುಕ್ರವಾರ. ಆದ್ದರಿಂದ ನಮ್ಮಲ್ಲಿ ಹೆಚ್ಚಿನವರು ವಾರದ ಪೂಜೆಗೆ ಹೋಗುವುದು ಶುಕ್ರವಾರವೇ. ಹೋಲಿ ಫ್ಯಾಮಿಲಿ ಪ್ರಧಾನಾಲಯದ ಅಂಗಳದಲ್ಲಿ ಅಂದು ಕಾಲಿಡಲು ಜಾಗ ಇರುವುದಿಲ್ಲ. ಭಾನುವಾರವೇ ಬರಬೇಕೆಂದು ಹಠ ಹಿಡಿದಿದ್ದರೆ ನಾನು ವರ್ಷಗಟ್ಟಲೆ ಪೂಜೆಯನ್ನೇ ಕಾಣುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು · 4 ಡಿಸೆಂಬರ್

ಒಪ್ಪಿದೆ. ಕತ್ತಲಾದ ಮೇಲೆ ಲೂಕನನ್ನೇ ಓದೋಣ. ಹಳಬರಿಗೆ ಇನ್ನೊಂದು ಮಾತು: ‘ಹಿಂದಿನಿಂದಲೂ ಹೀಗೆಯೇ’ ಎನ್ನುವವರು 1953ಕ್ಕೆ ಮೊದಲು ಸಂಜೆಯ ಪೂಜೆಗೇ ಸಾಮಾನ್ಯವಾಗಿ ಅನುಮತಿ ಇರಲಿಲ್ಲ ಎಂಬುದನ್ನು ನೆನಪಿಡಲಿ. ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಸ್ವೀಕರಿಸುವವರು ಮಧ್ಯರಾತ್ರಿಯಿಂದ ಉಪವಾಸ ಇರಬೇಕಿತ್ತು, ಒಂದು ತೊಟ್ಟು ಕಾಫಿಯೂ ಇಲ್ಲ. ಉಪವಾಸ 1957ರಲ್ಲಿ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ನಾವು ಲತೀನಿನಲ್ಲಿ ಉತ್ತರ ಹೇಳುತ್ತಿದ್ದುದನ್ನು ಬಿಟ್ಟು ಕನ್ನಡಕ್ಕೆ ಬಂದದ್ದೂ ಅದೇ ದಶಕದಲ್ಲಿ. ನನ್ನ ಅಜ್ಜಿ ಅದಕ್ಕೂ ಮುಖ ಸಿಂಡರಿಸಿದ್ದರು.

ತೋಟದ ರೈಟರ್ · 5 ಡಿಸೆಂಬರ್

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನೀವೆಲ್ಲ ‘ನಮ್ಮವರು’ ಎಂದು ಲೆಕ್ಕ ಹಾಕುವಾಗ ಯಾರನ್ನು ಬಿಡುತ್ತಿದ್ದೀರಿ ಎಂಬುದನ್ನು ಹೇಳಬೇಕು.

ನಮ್ಮ ತೋಟದ ಲೈನಿನಲ್ಲಿ ಈ ವರ್ಷ ಝಾರ್ಖಂಡಿನಿಂದ ಬಂದ ಕುಟುಂಬಗಳಿವೆ. ಗುಮ್ಲಾ, ಸಿಮ್ಡೇಗಾ ಕಡೆಯವರು. ಕೊಯ್ಲಿನ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ, ಹೆಸರು ನೋಡಿದಾಗಲೇ ತಿಳಿಯಿತು, ಹೆಚ್ಚಿನವರು ಕಥೋಲಿಕರು. ಊರಿನಲ್ಲಿ ದೊಡ್ಡ ದೊಡ್ಡ ದೇವಾಲಯ ಕಂಡವರು. ಇಲ್ಲಿ ಭಾನುವಾರ ಬಂದರೆ ಕಡೆಯ ಬೆಂಚಿನ ಹಿಂದೆ ನೆಲದ ಮೇಲೆ ಕುಳಿತು, ಯಾರೂ ಮಾತನಾಡಿಸುವ ಮೊದಲೇ ಎದ್ದು ಹೋಗುತ್ತಾರೆ. ಹಣ್ಣು ಕೊಯ್ದಷ್ಟು ಕೂಲಿ, ಕೆ.ಜಿ. ಲೆಕ್ಕ. ಸಂಜೆ ತೂಕ ಹಾಕಿ ಮುಗಿಯುವುದು ಐದಕ್ಕೆ. ಬೆಳಿಗ್ಗೆ ಏಳೂವರೆಗೆ ಮತ್ತೆ ಹಾಜರಿ. 25ಕ್ಕೆ ನಮ್ಮ ತೋಟದಲ್ಲಿ ರಜೆ ಇದೆ, ಪಕ್ಕದಲ್ಲಿ ಇಲ್ಲ. ಹನ್ನೆರಡರ ಪೂಜೆಗೆ ಬಂದು ಎರಡಕ್ಕೆ ಮಲಗಿ ಏಳೂವರೆಗೆ ಗಿಡದ ಬುಡದಲ್ಲಿ ನಿಲ್ಲು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು. ಅವರು ಮನೆಯಲ್ಲಿ ತಮ್ಮ ಕಡೆಯ ಸಾದ್ರಿ ಭಾಷೆಯಲ್ಲಿ ಹಾಡುತ್ತಾರೆ. ರಾತ್ರಿ ಲೈನಿನ ಕಡೆಯಿಂದ ಅವರ ಮಾಂದರ್ ಡೋಲು ಬಾರಿಸುವುದು ಕೇಳಿಸುತ್ತದೆ. ಆ ರಾತ್ರಿ ಒಂದು ಹಾಡು ಅವರಿಗೆ ಕೊಡಲು ಆಗುತ್ತದೆಯೇ?

ಬೆಂಗಳೂರಿನ ಮಗ · 5 ಡಿಸೆಂಬರ್

ರೈಟರ್ ಅವರೇ, ಅವರ ಬಗ್ಗೆ ನನಗೂ ಗೌರವ ಇದೆ. ಆದರೆ ಕೊಯ್ಲಿಗೆ ಬಂದು ಮಾರ್ಚ್‌ನಲ್ಲಿ ಹೋಗುವವರಿಗಾಗಿ ಮೂರು ತಲೆಮಾರಿನ ಪದ್ಧತಿ ಬದಲಿಸಬೇಕೇ?

ತೋಟದ ರೈಟರ್ · 5 ಡಿಸೆಂಬರ್

ನೀವು 24ಕ್ಕೆ ಬಂದು 26ಕ್ಕೆ ಹೋಗುತ್ತೀರಿ.

ಹಾಡುವವಳು · 6 ಡಿಸೆಂಬರ್

ಇಬ್ಬರೂ ಸ್ವಲ್ಪ ನೀರು ಕುಡಿಯಿರಿ.

ಗಾಯನ ವೃಂದದ ಕಷ್ಟ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಹಾಡಿನ ವಿಷಯದಲ್ಲಿ ನಮ್ಮದು ಮೊದಲೇ ಮೂರು ಭಾಷೆಯ ಸಂಸಾರ. ಕೊಂಕಣಿಯ ಹಿರಿಯರಿಗೆ ಕೊಂಕಣಿ ಹಾಡಿಲ್ಲದಿದ್ದರೆ ಹಬ್ಬ ಸಪ್ಪೆ. ತಮಿಳಿನವರು ಈ ತೋಟಗಳಿಗೆ ಬಂದು ಎಷ್ಟೋ ತಲೆಮಾರಾಯಿತು, ಅವರಿಗೆ ವರ್ಷಕ್ಕೆ ಒಂದು ಹಾಡು ಸಿಗುವುದೇ ಕಷ್ಟ, ಅದೂ ಪರಮಪ್ರಸಾದದ ಹೊತ್ತಿನಲ್ಲಿ ಸದ್ದು ಕೇಳದಂತೆ. ಈಗ ಹೊಸಬರಿಗೆ ಒಂದು ಎಂದರೆ ಅವರು ‘ನಮ್ಮದೇನು ಪಾಪ’ ಎಂದು ಕೇಳುವುದಿಲ್ಲವೇ? ಕೇಳಿದರೆ ತಪ್ಪೂ ಇಲ್ಲ.

ನನ್ನ ಸಲಹೆ ಇದು. ಪೂಜೆಯ ಉತ್ತರಗಳೆಲ್ಲ ಕನ್ನಡದಲ್ಲೇ ಇರಲಿ, ಎಲ್ಲರಿಗೂ ಬರುವುದು ಅದೊಂದೇ. ಆಗಮನ ಕಾಲದುದ್ದಕ್ಕೂ ಭಾನುವಾರಗಳಲ್ಲಿ ಬಿಟ್ಟಿದ್ದ ಮಹಿಮಾಗೀತೆ ಆ ರಾತ್ರಿ ಗಂಟೆಯ ಜೊತೆ ವಾಪಸ್ ಬರುತ್ತದೆ, ಅದೂ ಕನ್ನಡದಲ್ಲಿ. ಕಾಣಿಕೆಯ ಹೊತ್ತಿಗೆ ತಮಿಳು, ಪರಮಪ್ರಸಾದಕ್ಕೆ ಕೊಂಕಣಿ. ಬಾಲಯೇಸುವನ್ನು ಗೋದಲಿಗೆ ಒಯ್ಯುವ ಮೆರವಣಿಗೆ ಮಾಂದರ್‌ಗೆ. ಅದಕ್ಕೆ ತಾಳ ಬೇಕು, ನಮ್ಮ ಕೀಬೋರ್ಡ್‌ಗೆ ಅದು ಬರುವುದಿಲ್ಲ. ಅಭ್ಯಾಸಕ್ಕೆ ಅವರನ್ನು ಕರೆತರುವ ಹೊಣೆ ರೈಟರ್ ಅವರದು.

ಪಕ್ಕದ ತೋಟದವನು · 7 ಡಿಸೆಂಬರ್

ನಾನು ನಿಮ್ಮ ಧರ್ಮದವನಲ್ಲ, ಆದರೆ ಜನವರಿಯ ಹಬ್ಬದಲ್ಲಿ ನಿಮ್ಮ ಊಟ ತಪ್ಪಿಸಿದವನಲ್ಲ. ಎರಡು ಮಾತು ಹೇಳಲೇ?

ಒಂದು, ಮೈಕಿನದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಗಳಿಗಾಗಿ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ನಿಮ್ಮ ಪೂಜೆ ಶುರುವಾಗುವುದೇ ಹನ್ನೆರಡಕ್ಕೆ. ನಾನು ದೂರು ಕೊಡುವವನಲ್ಲ, ಆದರೆ ಕೊಡುವವರು ಹುಟ್ಟಿಕೊಂಡಿರುವ ಕಾಲ ಇದು. ಎರಡು, ಪಟಾಕಿ ಬೇಡ. ಗದ್ದೆಯಲ್ಲಿರುವ ಆನೆ ಸದ್ದಿಗೆ ಬೆದರಿ ಎತ್ತ ನುಗ್ಗುತ್ತದೆಂದು ಹೇಳಲಾಗುವುದಿಲ್ಲ.

ನಿಮ್ಮ ಕಾರ್ಯಕ್ರಮಕ್ಕೆ ನಮ್ಮ ಕಣ ಪ್ರತಿವರ್ಷ ಕೇಳುತ್ತಿದ್ದಿರಿ. ಈ ಸಲ ಕಾಫಿ ಒಣಗಿಲ್ಲ, ಕೊಡಲಾಗುವುದಿಲ್ಲ. ಗೋದಾಮಿನ ಮುಂದಿನ ಜಾಗ ಖಾಲಿ ಇದೆ, ಬಲ್ಬು ಎಳೆದುಕೊಡುತ್ತೇನೆ.

ಗೋದಲಿ ಉಸ್ತುವಾರಿ · 8 ಡಿಸೆಂಬರ್

ಸಮಯದ ಜಗಳ ನೀವು ನೋಡಿಕೊಳ್ಳಿ. ಗೋದಲಿಯ ಕೆಲಸ ಸಮಯಕ್ಕೆ ಕಾಯುವುದಿಲ್ಲ.

ಹುಲ್ಲಿಗಾಗಿ ರಾಗಿ ಬಿತ್ತುವವರು 13 ಅಥವಾ 14ಕ್ಕೆ ಬಿತ್ತಿ. ಕಳೆದ ಬಾರಿ ಕೆಲವರು ಎರಡು ವಾರ ಮೊದಲೇ ಬಿತ್ತಿ, ಹಬ್ಬದ ದಿನ ಪೈರು ಉದ್ದವಾಗಿ ಅಡ್ಡಬಿದ್ದು ಒಂಟೆಗಳೆಲ್ಲ ಮುಚ್ಚಿಹೋಗಿದ್ದವು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಅಗಲವಾದ ತಟ್ಟೆಯಲ್ಲಿ ತೆಂಗಿನ ನಾರಿನ ಪುಡಿ ಒಂದು ಬೆರಳು ದಪ್ಪ ಹರಡಿ, ಒತ್ತೊತ್ತಾಗಿ ಚೆಲ್ಲಿ, ಮೇಲೆ ಒದ್ದೆ ಗೋಣಿ ಹೊದಿಸಿ. ಮೊಳಕೆ ಬಿಳಿಯಾಗಿ ಕಂಡ ಕೂಡಲೇ ಗೋಣಿ ತೆಗೆದು ಬೆಳಕಿಗಿಡಿ. ನೀರು ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ. ಇಲ್ಲಿಯ ಚಳಿಗೆ ಬಯಲುಸೀಮೆಗಿಂತ ಎರಡು ದಿನ ನಿಧಾನ, ಒಲೆಯ ಹತ್ತಿರ ಇಟ್ಟರೆ ಬೇಗ ಏಳುತ್ತದೆ.

ನೆರಳಿನ ಮರಗಳಿಂದ ಹಾವಸೆ ಕಿತ್ತು ತರುವುದನ್ನು ಈ ವರ್ಷ ನಿಲ್ಲಿಸಿದ್ದೇವೆ. ಅದು ಮತ್ತೆ ಬೆಳೆಯಲು ವರ್ಷಗಳು ಬೇಕು. ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ಹುಲ್ಲು, ಎತ್ತು, ಕತ್ತೆ ಇವೇ ಇದ್ದವು, ನಮಗೂ ಸಾಕು. ಪೂರ್ವದ ಜ್ಞಾನಿಗಳ ಗೊಂಬೆಗಳು ಎಂದಿನಂತೆ ದೂರದ ಕಿಟಕಿಯ ಮೇಲಿರುತ್ತವೆ, ಜನವರಿ 4ಕ್ಕೇ ಗೋದಲಿ ತಲುಪುವುದು. ಮಕ್ಕಳು ದಿನವೂ ಒಂದಿಷ್ಟು ಮುಂದೆ ಸರಿಸಿ ಕ್ರಿಸ್ತಜಯಂತಿಗೇ ತಲುಪಿಸಿಬಿಡುತ್ತಾರೆ, ಕಣ್ಣಿಡಿ.

ಚಾಪೆಲ್ ಕಾರ್ಯದರ್ಶಿ · 15 ಡಿಸೆಂಬರ್

ನಿನ್ನೆ ವಾಕ್ಯವಿಧಿಯ ನಂತರ ಕೈ ಎತ್ತಿಸಿದೆವು. ಪೂಜೆ 24ರಂದು ಸಂಜೆ ಏಳೂವರೆಗೆ. ಹಾಡಿನ ಕ್ರಮ ನಮ್ಮ ಗಾಯಕಿ ಬರೆದಂತೆಯೇ. ಪಟಾಕಿ ಇಲ್ಲ. ಬೆಂಗಳೂರಿನಿಂದ ತಡವಾಗಿ ಬರುವವರಿಗೆ 25ರ ಬೆಳಿಗ್ಗೆ ಎಂಟಕ್ಕೆ ಮುಖ್ಯ ದೇವಾಲಯದಲ್ಲಿ ಪೂಜೆ ಇದೆ. ಗುಲಾಬಿ ಮೇಣದಬತ್ತಿ ಕೊನೆಗೂ ಬರಲಿಲ್ಲ, ರಿಬ್ಬನ್ನೇ ಉರಿಯದಂತೆ ನೋಡಿಕೊಂಡೆವು.

ಲೈನಿನವರಿಗೆ ಕಂಬಳಿ ಕೊಡುವವರು ಇನ್ನೂ ಕೊಡಬಹುದು. ಹಳೆಯದಾದರೂ ಒಗೆದದ್ದಿರಲಿ.

ತೋಟದ ರೈಟರ್ · 26 ಡಿಸೆಂಬರ್

ಹೊರಗಿನವರು ಕೇಳುತ್ತಿರುವುದರಿಂದ ಬರೆಯುತ್ತೇನೆ. ಚಾಪೆಲ್ ತುಂಬಿ, ಜನ ಹೊರಗಿನ ಜಗಲಿಯಲ್ಲೂ ನಿಂತಿದ್ದರು. ಸಂಜೆಯ ತೂಕವನ್ನು ಅಂದು ನಾಲ್ಕಕ್ಕೇ ಮುಗಿಸಿದ್ದೆ. ಆದರೂ ಕೆಲವರು ತೋಟದಿಂದ ನೇರವಾಗಿ, ಕೈಕಾಲು ತೊಳೆದು, ಬಂದುಬಿಟ್ಟಿದ್ದರು. ಪರಮಪ್ರಸಾದಕ್ಕೆ ಸಾಲು ನಿಂತಾಗ ನಾನು ಪಕ್ಕದಲ್ಲೇ ಇದ್ದೆ. ಕಾಫಿ ಹಣ್ಣಿನ ಅಂಟು ಸೋಪಿಗೆ ಹೋಗುವುದಿಲ್ಲ. ಚಾಚಿದ ಅಂಗೈಗಳೆಲ್ಲ ಕಪ್ಪು, ಗೆರೆಗಳೊಳಗೆ ಇನ್ನೂ ಕಪ್ಪು. ನಮ್ಮ ಊರಿನ ಕೊಯ್ಲಿನ ಹೆಂಗಸರ ಕೈ, ಅವರ ಕೈ, ಎಲ್ಲ ಒಂದೇ ಬಣ್ಣ.

ಮಾಂದರ್ ಶುರುವಾದಾಗ ಮೊದಲು ಎಲ್ಲರೂ ತಿರುಗಿ ನೋಡಿದರು. ಎರಡನೇ ಸಲದ ಪಲ್ಲವಿಗೆ ತಮಿಳಿನ ಅಜ್ಜಿಯೊಬ್ಬರು ಚಪ್ಪಾಳೆ ಹಾಕತೊಡಗಿದರು. ಅರ್ಧದಲ್ಲಿ ಕರೆಂಟು ಹೋಯಿತು. ಕೀಬೋರ್ಡ್ ನಿಂತಿತು, ಅದು ನಿಲ್ಲಲಿಲ್ಲ.

ಜೀಪಿನವನು · 26 ಡಿಸೆಂಬರ್

ಒಂಬತ್ತು ಹತ್ತಕ್ಕೆ ಸಂದೇಶ ಬಂತು, ಸೇತುವೆಯ ಮೇಲ್ಭಾಗದಲ್ಲಿ ಒಂಟಿ ಸಲಗ. ಆ ಹೊತ್ತಿಗೆ ಕೊನೆಯ ಸುತ್ತು ಲೈನ್ ತಲುಪಿತ್ತು. ಹನ್ನೆರಡಕ್ಕೆ ಇಟ್ಟಿದ್ದರೆ ಎಂದು ನಾನು ಕೇಳುವುದಿಲ್ಲ.

ಬೆಂಗಳೂರಿನ ಮಗ · 27 ಡಿಸೆಂಬರ್

ಕೇಳಿಯೇ ಬಿಟ್ಟೆಯಲ್ಲ. ನಾನು ಮಧ್ಯಾಹ್ನವೇ ರಜೆ ಹಾಕಿ ಹೊರಟು ಏಳು ಐವತ್ತಕ್ಕೆ ತಲುಪಿದೆ, ಮಹಿಮಾಗೀತೆ ತಪ್ಪಿತು. ಪೂಜೆ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಒಂಬತ್ತಕ್ಕೆ ಎಲ್ಲರೂ ಮನೆ ಸೇರಿ, ಹತ್ತಕ್ಕೆ ಊರು ಮಲಗಿತ್ತು. ಹನ್ನೆರಡಕ್ಕೆ ಅಂಗಳದಲ್ಲಿ ನಾನೊಬ್ಬನೇ ನಿಂತಿದ್ದೆ, ಅದೂ ಹಬ್ಬವೇ? ಮುಂದಿನ ವರ್ಷ ಈ ಚರ್ಚೆಯನ್ನು ನಾನು ಮತ್ತೆ ಎತ್ತುತ್ತೇನೆ.

ಹಾಡುವವಳು · 5 ಜನವರಿ 2026

ನಿನ್ನೆ ಜ್ಞಾನಿಗಳು ಗೋದಲಿ ತಲುಪಿದರು. ರಾಗಿ ಹಳದಿಯಾಗಿದೆ, 11ಕ್ಕೆ ಪ್ರಭುವಿನ ದೀಕ್ಷಾಸ್ನಾನದ ಹಬ್ಬ ಮುಗಿಯುತ್ತಲೇ ತೆಗೆಯೋಣ. ಜಪಸರದ ಕೊನೆಯಲ್ಲಿ ‘ಫ್ರಾನ್ಸಿಸ್ ಜಗದ್ಗುರುಗಳಿಗಾಗಿ’ ಎಂದು ನಮ್ಮ ಹಿರಿಯಮ್ಮ ಈಗಲೂ ಹೇಳುತ್ತಾರೆ. ಈಗ ಲಿಯೋ ಜಗದ್ಗುರುಗಳು ಎಂದು ತಿದ್ದಿದರೆ ‘ಲಿಯೋ ಅವರಿಗೂ ಹೇಳಿದ್ದೇನೆ, ಸತ್ತವರಿಗೆ ಪ್ರಾರ್ಥನೆ ಬೇಡವೇ’ ಎನ್ನುತ್ತಾರೆ. ಬಾಯಿ ಮುಚ್ಚಿಕೊಂಡೆ.

ಚಾಪೆಲ್ ಕಾರ್ಯದರ್ಶಿ · 8 ಜನವರಿ

ಪಾಲಕ ಸಂತ ಸೆಬಾಸ್ಟಿಯನ್ನರ ದಿನ ಜನವರಿ 20, ಈ ಸಲ ಮಂಗಳವಾರ. ಅಂದು ಸಂಜೆ ಜಪಸರ ಮಾತ್ರ. ಹಬ್ಬದ ಪೂಜೆ, ತೇರು, ಊಟ ಎಲ್ಲವೂ 25ರ ಭಾನುವಾರ. ಮರುದಿನ ಗಣರಾಜ್ಯೋತ್ಸವದ ರಜೆ ಇರುವುದರಿಂದ ಹೊರಗಿನವರೂ ಬರಬಹುದು. ಅದೇ ವಾರ ಅತ್ತೂರು ಜಾತ್ರೆಗೆ ಕಾರ್ಕಳಕ್ಕೆ ಇಳಿಯುವವರು ಮೊದಲು ಇಲ್ಲಿ ಪಾತ್ರೆ ತೊಳೆದು ಹೋಗಿ.

ನಿವೃತ್ತ ಮೇಷ್ಟ್ರು · 8 ಜನವರಿ

ಭಾನುವಾರಕ್ಕೆ ಸಾಗಿಸುವುದು ಸರಿಯಾಗಿಯೇ ಇದೆ. ಪಾಲಕ ಸಂತರ ಹಬ್ಬ ಅವರದೇ ಆಲಯದಲ್ಲಿ ಮಹೋತ್ಸವ, ಸಾಧಾರಣ ಕಾಲದ ಭಾನುವಾರ ಅದಕ್ಕೆ ಜಾಗ ಬಿಡುತ್ತದೆ. ಸಂತ ಸೆಬಾಸ್ಟಿಯನ್ನರು ಪ್ಲೇಗಿನ ಕಾಲದಲ್ಲಿ ಜನ ಮೊರೆ ಹೊಕ್ಕವರು. ಅವರ ಸ್ವರೂಪದ (ಪ್ರತಿಮೆಯ) ಮೈಯಲ್ಲಿರುವ ಬಾಣಗಳಲ್ಲಿ ಒಂದು ಸಡಿಲವಾಗಿದೆ, ತೇರಿನ ಮೊದಲು ಅಂಟಿಸಿ.

ಪಕ್ಕದ ತೋಟದವನು · 9 ಜನವರಿ

ಕಾಫಿ ಒಣಗಿ ಚೀಲ ಸೇರಿತು. ಕಣ ಗುಡಿಸಿಟ್ಟಿದ್ದೇನೆ, ಊಟಕ್ಕೆ ಎಲೆ ಅಲ್ಲೇ ಹಾಕಿ. ಹಂದಿ ಸಾರು ಒಂದು ಬದಿ, ನಮ್ಮಂತಹವರಿಗೆ ಕುಂಬಳಕಾಯಿ ಹುಳಿ ಇನ್ನೊಂದು ಬದಿ. ಕಳೆದ ಸಲ ಎರಡಕ್ಕೂ ಒಂದೇ ಸೌಟು ಹೋಗಿ ನಮ್ಮ ಅತ್ತೆ ಬರಿಯ ಮಜ್ಜಿಗೆ ಅನ್ನ ಉಂಡರು.

ಚಾಪೆಲ್ ಕಾರ್ಯದರ್ಶಿ · 30 ಜನವರಿ

ಹಬ್ಬ ಚೆನ್ನಾಗಿ ನಡೆಯಿತು, ಸೌಟು ಎರಡಿತ್ತು. ತೇರಿಗೆ ಹೆಗಲು ಕೊಟ್ಟವರಲ್ಲಿ ಝಾರ್ಖಂಡಿನ ಹುಡುಗರೂ ಇದ್ದರು. ಅವರಲ್ಲಿ ಇಬ್ಬರು ಮುಂದಿನ ಭಾನುವಾರದಿಂದ ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠಸೇವೆಗೆ ನಿಲ್ಲುತ್ತಾರೆ.

ಫೆಬ್ರವರಿ 1ರ ಪೂಜೆಯಲ್ಲಿಯೇ ಮೇಣದಬತ್ತಿಗಳ ಆಶೀರ್ವಾದ, ಏಕೆಂದರೆ ಅದರ ದಿನವಾದ 2ರ ಸೋಮವಾರ ಗುರುಗಳು ಇಲ್ಲಿಗೆ ಬರಲಾಗುವುದಿಲ್ಲ. 3ರ ಸಂತ ಬ್ಲೇಸರ ಗಂಟಲಿನ ಆಶೀರ್ವಾದವೂ ಅಂದೇ. ಕಾಫಿಯ ಧೂಳು, ಬೆಳಗಿನ ಮಂಜು ಎರಡೂ ಸೇರಿ ಊರಿಗೆ ಊರೇ ಕೆಮ್ಮುತ್ತಿರುವುದರಿಂದ ಯಾರೂ ತಪ್ಪಿಸಿಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ.

ತಪಸ್ಸು ಕಾಲ ಆರಂಭವಾಗುವ, ಹಣೆಗೆ ಬೂದಿ ಹಚ್ಚುವ ವಿಭೂತಿ ಬುಧವಾರ ಫೆಬ್ರವರಿ 18. ಕಳೆದ ವರ್ಷ ಗರಿಗಳ ಭಾನುವಾರ ಮನೆಗೆ ಒಯ್ದ ಗರಿಗಳನ್ನು 15ರೊಳಗೆ ತಂದು ಬಾಗಿಲ ಬಳಿಯ ಬುಟ್ಟಿಗೆ ಹಾಕಿ. ಬೂದಿ ಮಾಡಲು ಜೀಪಿನವರ ಮನೆಯ ಒಲೆ ಗೊತ್ತಾಗಿದೆ. ವಿಭೂತಿ ಪೂಜೆಯ ಸಮಯದ ಬಗ್ಗೆ ಹೊಸ ಚರ್ಚೆ ಶುರು ಮಾಡುವವರು ಬೇರೆ ಕಡೆ ಶುರು ಮಾಡಿ, ಇದನ್ನು ಇಲ್ಲಿಗೆ ಮುಚ್ಚುತ್ತಿದ್ದೇನೆ.